ಅಂಕಿತಾ ಓದದೆ ಹಾರಿಸಿದ ಹಾಳೆಗಳು

ಸವಣೂರು
೧೮ ಆಗಸ್ಟ್ ೨೦೨೪

ಪ್ರೀತಿಯ ಅಂಕಿತಾ,

ಫೋನಿನಲ್ಲೇ ಹೇಳಬಹುದಿತ್ತು. ನಾಲ್ಕು ಸಲ ನಿನ್ನ ಹೆಸರು ಹುಡುಕಿದೆ, ನಾಲ್ಕು ಸಲವೂ ಫೋನು ಕೆಳಗಿಟ್ಟೆ. ಹತ್ತು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ನನ್ನ ಕಾದಂಬರಿ ಮಂಜವ್ವನಂಥ ಕೂಲಿ ಹೆಂಗಸರ ಬದುಕಿನದು. ಅಚ್ಚಿಗೆ ಮೊದಲು ಆ ಬದುಕಿನಿಂದ ಬಂದವರೊಬ್ಬರು ಓದಿ, ಮನಸ್ಸು ನೋಯುವಂಥದ್ದಿದ್ದರೆ ಹೇಳಲಿ, ಸಂಭಾವನೆ ಕೊಡೋಣ ಎಂದು ಪ್ರಕಾಶಕರು ಕೇಳಿದಾಗ ನೆನಪಾದದ್ದು ನೀನೇ. ಮಾಸೂರಿನ ಗದ್ದೆಯಲ್ಲಿ ದುಡಿಯುವ ಶೇಖವ್ವನ ಮಗಳು. ಹಿರೇಕೆರೂರಿನಲ್ಲಿ ನನ್ನ ಬಳಿ ಕಲಿತು, ಈಗ ಹಾನಗಲ್ಲಿನಲ್ಲಿ ನೀನೇ ಟೀಚರ್. ನಿಜ ಹೇಳಬೇಕೆಂದರೆ, ನೀನು ಹೊಗಳುತ್ತೀ ಎಂದುಕೊಂಡೇ ಕೊಟ್ಟಿದ್ದೆ.

ನೀನು ಮನೆಗೆ ಬಂದು ಮೆಲ್ಲಗೆ ಅಂದೆ: "ಅಕ್ಕಾರ, ಈ ಪುಸ್ತಕದಾಗ ಮಂಜವ್ವ ಒಮ್ಮೆನೂ ನಗೋದಿಲ್ರಿ. ಬರೇ ಅಳತಾಳ, ಕೈ ಮುಗಿತಾಳ. ನಮ್ಮವ್ವ ಹಂಗಿಲ್ರಿ."

ಕೆಟ್ಟ ಮಾತಿದ್ದರೆ ಗುರುತು ಹಾಕಲು ಕರೆಸಿದ್ದೇನೆ, ನನಗೆ ಬರೆಯಲು ಕಲಿಸಲು ಅಲ್ಲ ಎಂದುಬಿಟ್ಟೆ. ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದೆ ನೀನು.

ಮೊನ್ನೆ ಶುಕ್ರವಾರ ಮಾಸೂರಿಗೆ ಹೋಗಿದ್ದೆ. ನೀನು ಹೇಳಿದ್ದು ತಪ್ಪೆಂದು ಕಣ್ಣಾರೆ ನೋಡಿಬರುವ ಹಟದಿಂದಲೇ. ಮದಗದ ಕೆರೆಯ ನೀರು ಹರಿಯುವ ಗದ್ದೆಯಲ್ಲಿ ನಾಟಿ ನಡೆದಿತ್ತು. ಹೆಂಗಸರು ಬಗ್ಗಿ ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತಿದ್ದರು. ನನ್ನ ಮಂಜವ್ವ ಮುಂದಕ್ಕೆ ನಡೆಯುತ್ತ ಸಸಿ ನೆಡುತ್ತಾಳೆ! ಬದುವಿನ ಮೇಲೆ ತಡವರಿಸಿದ ನನ್ನನ್ನು ನೋಡಿ ಅವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನಿಮ್ಮ ಅವ್ವ.

ಕಾಲುವೆಯಲ್ಲಿ ಕೈ ತೊಳೆದು, ತಮ್ಮ ಬುತ್ತಿಯ ರೊಟ್ಟಿಯಲ್ಲಿ ನನಗೂ ಮುರಿದುಕೊಟ್ಟರು. ನೀನು ಊರಿಗೆ ಬಂದಾಗ ಅವರಿಗೆ ಕಾದಂಬರಿ ಓದಿ ಹೇಳಿದೆಯಂತೆ, ಅಕ್ಕಾರು ಭಾಳ ಚಲೋ ಬರೆದಾರೆ ಎಂದೆಯಂತೆ.

"ಆದ್ರ ನಡನಡುವ ಹಾಳಿ ಹಾರಿಸಿದ್ಳ್ರಿ," ಅಂದರು. "ಅದರಾಗ ಏನ್ ಬರದೀರಿ?"

ಅವ್ವನಿಗೆ ನೋವಾಗದಿರಲಿ, ನನ್ನ ಮರ್ಯಾದೆಯೂ ಉಳಿಯಲಿ ಎಂದು ನೀನು ಮುಚ್ಚಿಟ್ಟದ್ದನ್ನು ನಾನೇ ಹೇಳಿದೆ: ಮಂಜವ್ವ ಧಣಿಯ ಹಿತ್ತಲ ಬಾಗಿಲಲ್ಲಿ ಉಳಿದ ಅನ್ನಕ್ಕೆ ಉಡಿಯೊಡ್ಡಿ ನಿಲ್ಲುತ್ತಾಳೆ ಎಂದು.

ಬೈಯಲಿಲ್ಲ. ಕೈಯೊಳಗಿನ ರೊಟ್ಟಿಯನ್ನು ಬುತ್ತಿಗಂಟಿಗೆ ಹಾಕಿ ಕಟ್ಟಿದರು.

"ಅಕಿ ಯಾಕ ಉಡಿ ಒಡ್ಡತಾಳ್ರಿ? ಕೂಲಿ ಕೇಳಲಿ."

ಅಷ್ಟೇ ಹೇಳಿ ಮತ್ತೆ ಗದ್ದೆಗಿಳಿದರು.

ಅಂದಿನಿಂದ ಬರೆಯುತ್ತಿದ್ದೇನೆ, ಹೊಡೆದುಹಾಕುತ್ತಿದ್ದೇನೆ. ಮಂಜವ್ವ ಕೂಲಿ ಕೇಳಿದೊಡನೆ ಮುಂದಿನ ಆರು ಅಧ್ಯಾಯಗಳು ಕುಸಿದುಬಿದ್ದವು. ಕುಸಿಯಲಿ. ಹೊಸದಾಗಿ ಬರೆದು ಮುಗಿಸಿದ ಮೇಲೆ ಇನ್ನೊಮ್ಮೆ ಓದುವೆಯಾ? ಒಲ್ಲೆ ಎಂದರೂ ನನಗೆ ಸಿಟ್ಟಿಲ್ಲ. ಅಂದು ಆಡಿದ ಮಾತಿಗೆ ಕ್ಷಮಿಸು.

ನಿನ್ನ
ಮೃಣಾಲಿನಿ

ತಾ.ಕ.: ನಿಮ್ಮ ಅವ್ವನೆದುರು ಬಾಯಿಗೆ ಬಾರದ ಮಾತೊಂದಿದೆ. ನೀನು ಎದ್ದುಹೋದ ದಿನವೇ, ಅಂಕಿತಾ ಎಲ್ಲವನ್ನೂ ಒಪ್ಪಿದ್ದಾಳೆ ಎಂದು ಪ್ರಕಾಶಕರಿಗೆ ತಿಳಿಸಿಬಿಟ್ಟಿದ್ದೆ. ನಿನಗೆ ಕೃತಜ್ಞತೆ ಹೇಳುವ ಪುಟ ಅಚ್ಚೂ ಆಗಿತ್ತು. ಇಂದು ಬೆಳಿಗ್ಗೆ ಅವರಿಗೆ ಫೋನು ಮಾಡಿ, ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಂಡೆ. ಅಚ್ಚು ನಿಲ್ಲಿಸಿದ್ದಾರೆ. ನಿನಗೆ ಹೇಳುವುದೇ ಹೆಚ್ಚು ಕಷ್ಟವಾಯಿತು.