ಆಗದ ದತ್ತು ಮೊದಲೇ ಆದ ಬಗ್ಗೆ

ಮಾನ್ಯ ವೀಸಾ ಅಧಿಕಾರಿಗಳೇ,

ನಮ್ಮ ಮಗಳನ್ನು ನಮ್ಮ ಮನೆಗೆ ಕಳಿಸಲು ನೀವು ಮೂರನೆಯ ಸಲ 'ಸದ್ಯಕ್ಕೆ ಇಲ್ಲ' ಎಂದಿದ್ದೀರಿ. ಇಂಗ್ಲಿಷಿನಲ್ಲಿ ಬರೆದ ನಮ್ಮ ಪತ್ರಗಳನ್ನು ಯಾರೂ ಓದಿದಂತಿಲ್ಲ. ಹಾಗಾಗಿ ಇದನ್ನು ಕನ್ನಡದಲ್ಲಿ, ನಮ್ಮ ಸಂಘದ ಪತ್ರಿಕೆಗೆ ಬರೆಯುತ್ತಿದ್ದೇನೆ. ನಮ್ಮವರು ನಾಲ್ಕು ಜನರಾದರೂ ಓದಲಿ.

ಲಂಡನ್ನಿನ ಈ ರೇನರ್ಸ್ ಲೇನಿನಲ್ಲಿ ಇಷ್ಟು ವರ್ಷ ಸಂಸಾರ ಮಾಡಿದರೂ ನಮಗೆ ಮಕ್ಕಳಾಗಲಿಲ್ಲ. ಕುಂದಾಪುರದಲ್ಲಿರುವ ಮೈದುನನ ಹೆಂಡತಿ ಜಯಾ ತನ್ನ ಮೂರನೆಯ ಮಗಳು ನವ್ಯಾಳನ್ನು ಕೊಡುತ್ತೇನೆ ಎಂದಳು. ೧೯೯೯ರ ಬೇಸಗೆಯಲ್ಲಿ ಹಿರಿಯರು ಮುಹೂರ್ತ ನೋಡಿದರು, ನಾವು ವಿಮಾನ ಹತ್ತಿದೆವು. ಹೋಮವಾಯಿತು, ನೋಂದಣಿಯಾಯಿತು, ಊಟವೂ ಆಯಿತು. ಮಗುವನ್ನು ಮಡಿಲಿಗೆ ಹಾಕಿಸಿಕೊಳ್ಳುವ ಮುನ್ನ ಲಂಡನ್ನಿನ ಕಚೇರಿಗೊಂದು ಮಾತು ಹೇಳಬೇಕೆಂದು ಪುರೋಹಿತರಿಗೆ ಹೊಳೆಯಲಿಲ್ಲ, ಪಂಚಾಂಗದಲ್ಲೂ ಬರೆದಿರಲಿಲ್ಲ.

ನೀವು ಹೇಳುವುದೇನು? ಭಾರತದ ದತ್ತು ಇಲ್ಲಿ ದತ್ತು ಅಲ್ಲ. ಸರಿ. ಅದೇ ಪುಟದ ಕೆಳಗೆ, ಅನುಮತಿಗೆ ಮೊದಲೇ ದತ್ತು ತೆಗೆದುಕೊಂಡದ್ದು ತಪ್ಪು. ಅಲ್ಲ ಸ್ವಾಮಿ, ಆಗದೇ ಇದ್ದ ದತ್ತು ಮೊದಲೇ ಆದದ್ದು ಹೇಗೆ? ನಾನು ಕನ್ನಡ ಮಾಧ್ಯಮದ ಬಿ.ಎ.; ಪ್ರಾಸ ಬಲ್ಲೆ, ಇಂಥ ತರ್ಕ ಅರಗಿಸಿಕೊಳ್ಳಲು ಒಲ್ಲೆ.

ಆದರೂ ನೀವು ಹೇಳಿದ್ದನ್ನೆಲ್ಲ ಮಾಡಿದೆವು. ನಾವು ಮಗು ಸಾಕಲು ಯೋಗ್ಯರೇ ಎಂದು ನೋಡುವ ಮನೆ ಸಮೀಕ್ಷೆಗೆ ಇಲ್ಲಿನ ಕೌನ್ಸಿಲ್‌ಗೆ ಶುಲ್ಕ ಕಟ್ಟಲು ನಮ್ಮ ಯಜಮಾನರು ಏರ್‌ಪೋರ್ಟಿನ ಅಡುಗೆಮನೆಯಲ್ಲಿ ಚಳಿಗಾಲವಿಡೀ ಎರಡು ಪಾಳಿ ದುಡಿದರು. ಬಂದ ಸಮಾಜ ಕಾರ್ಯಕರ್ತೆ ಒಳ್ಳೆಯವಳು. ಗಂಡಹೆಂಡಿರು ಜಗಳವಾಡುತ್ತೀರಾ ಎಂದು ಕೇಳಿದಳು. ಇಲ್ಲ ಎಂದರು ಅವರು, ಹೌದು ಎಂದೆ ನಾನು, ಅಲ್ಲೇ ಒಂದು ಶುರುವಾಯಿತು. ಸಾಮರಸ್ಯದ ದಂಪತಿ ಎಂದು ಬರೆದುಕೊಂಡು ಹೋದಳು. ಆ ವರದಿ ನಿಮ್ಮ ಮೇಜಿನ ಮೇಲೆ ಕೂತು ಕೂತು ಅವಧಿ ಮೀರಿತು. ಹೊಸದು ಬೇಕಂತೆ, ಶುಲ್ಕವನ್ನೂ ಮತ್ತೆ ಕಟ್ಟಬೇಕಂತೆ. ತಾಯಿಯಾಗುವ ಯೋಗ್ಯತೆ ಉಪ್ಪಿನಕಾಯಿಗಿಂತ ಬೇಗ ಕೆಡುತ್ತದೆಯೇ?

ದುಡ್ಡು ಹೋಗಲಿ. ನಿಮಗೆ ತಿಳಿಯದ ವಿಷಯವೊಂದಿದೆ. ದತ್ತು ಕೊಟ್ಟ ಮೇಲೆ ನಮ್ಮ ಮನೆತನದಲ್ಲಿ ಮಗು ಕರೆಯುವ ರೀತಿ ಬದಲಾಗುತ್ತದೆ. ಹೋಮದವರೆಗೆ ಜಯಾ ಅಮ್ಮ, ನಾನು ದೊಡ್ಡಮ್ಮ. ಅಂದಿನಿಂದ ನಾನು ಅಮ್ಮ, ಅವಳು ಚಿಕ್ಕಮ್ಮ. ನವ್ಯಾಳಿಗೆ ಆಗ ಮೂರು ವರ್ಷ, ಈಗ ಏಳು. ಹೆತ್ತವಳ ಮಗ್ಗುಲಲ್ಲೇ ಮಲಗಿ ಅವಳನ್ನು ಚಿಕ್ಕಮ್ಮ ಎನ್ನುತ್ತಾಳೆ. ಬಾಯಿತಪ್ಪಿ ಅಮ್ಮ ಎಂದರೆ ಜಯಾಳೇ ತಿದ್ದುತ್ತಾಳೆ. ಕೊಟ್ಟ ಮಾತು ಕೊಟ್ಟದ್ದೇ.

ಕಳೆದ ಭಾನುವಾರ, ಫೋನ್ ಕಾರ್ಡ್ ಮುಗಿಯುವ ಹೊತ್ತಿಗೆ ನವ್ಯಾ ಕೇಳಿದಳು: "ಅಮ್ಮ, ಚಿಕ್ಕಮ್ಮಂಗೆ ಜ್ವರ. ಇವತ್ತೊಂದ್ ದಿನ ಅವ್ರಿಗೆ ಅಮ್ಮ ಅಂದ್ರೆ ನಿಮ್ಗೆ ಬೇಜಾರ್ ಆತ್ತಾ?"

ಇಲ್ಲ ಮಗಾ, ಅನ್ನು ಎಂದೆ. ಬೇಜಾರಾಯಿತೋ ಇಲ್ಲವೋ ನನಗೇ ತಿಳಿಯಲಿಲ್ಲ. ಕುಕ್ಕರ್ ಕೂಗಿತು, ಹೋಗಿ ಒಲೆ ಆರಿಸಿದೆ.

ನನ್ನ ಬೇಡಿಕೆ ಇಷ್ಟೇ. ಸೆಪ್ಟೆಂಬರಿನಲ್ಲಿ ಶಾಲೆ ತೆರೆಯುವ ಮುನ್ನ ಅವಳಿಗೆ ವೀಸಾ ಕೊಡಿ. ಕೊಡುವುದಿಲ್ಲವಾದರೆ ಆ 'ಸದ್ಯಕ್ಕೆ' ಎಂಬುದನ್ನು ಹೊಡೆದುಹಾಕಿ, ಎಂದೆಂದಿಗೂ ಇಲ್ಲ ಎಂದು ಬರೆದುಕೊಡಿ. ಅದನ್ನು ನಾನೇ ಕುಂದಾಪುರಕ್ಕೆ ಒಯ್ದು, ಅವಳ ಅಮ್ಮನನ್ನು ಅವಳಿಗೆ ವಾಪಸು ಕೊಟ್ಟು ಬರುತ್ತೇನೆ. ಅದಕ್ಕೆ ಮುಹೂರ್ತ ಬೇಡ. ನಿಮ್ಮ ಅನುಮತಿಯೂ ಬೇಕಾಗಲಾರದು.

ಇಂತಿ,
ನಿಮ್ಮ ಕಾನೂನಿನ ಪ್ರಕಾರ ಇನ್ನೂ ದೊಡ್ಡಮ್ಮನೇ ಆಗಿರುವ
ಗುಣವತಿ