ತಿರುಗಿ ಕಳಿಸಿದ ರುಮಾಲು

ರಾಜೂರ
ಶಕೆ ೧೭೭೫, ಶ್ರಾವಣ

ರೋಣದ ಈಶಪ್ಪ ದೇಸಾಯರಿಗೆ ರಾಜೂರ ಕೆರಿ ಕಾಯೂ ಗೋಣೆಪ್ಪನ ಶರಣಾರ್ಥಿ.

ಧಣ್ಯಾರ, ನೀವು ಕಳಿಸಿದ ಜರಿ ರುಮಾಲು ಮುಟ್ಟಿತು. ಈ ಪತ್ರದ ಜೋಡಿ ಅದನ್ನ ತಿರುಗಿ ಕಳಿಸೀನಿ. ಸಿಟ್ಟಾಗಬ್ಯಾಡ್ರಿ.

ಇಪ್ಪತ್ತು ವರ್ಷ ಕೆರಿ ಕಾದಾಂವ ನಾನು. ಏರಿ ಒಡದರ ಏನ್ ಮಾಡಬೇಕಂತ ಊರಿಗೆ ಕಲಸಾಕ ನೀವು ನೇಮಿಸಿದ್ದು ಮಾತ್ರ ನನ್ನ ಕೈಯಾಗ ಕೆಲಸ ಕಲತ ಶಿವನಪ್ಪನ್ನ. ಎತ್ತಿಗೆ ಬಿಡುವಿರೂ ಸೋಮವಾರ ಮಂದಿಗೆ ರೂಢಿ ಆಗ್ಲಿ ಅಂತ ಅಂವ ನಗಾರಿ ಬಾರಿಸತಾನ, ಮನಿಗೊಂದು ಬುಟ್ಟಿ ಮಣ್ಣು ಏರಿಗೆ ಬರತೈತಿ. ನೋಡಿ ನೋಡಿ ನನ್ನ ಹೊಟ್ಟಿ ಉರೀತು.

ಹೋದ ಗುರುವಾರ ಮಂದಿಯೆಲ್ಲಾ ಹೊಲದಾಗಿದ್ದಾಗ ನಾನ ನಗಾರಿ ಬಾರಿಸಿದೆ. ಏರಿಗೆ ಏನೂ ಆಗಿದ್ದಿಲ್ಲ. ಯಾರೂ ಬರೂದಿಲ್ಲ, ಶಿವನಪ್ಪನ ಮಾನ ಹೋಗತೈತಿ ಅಂದಕೊಂಡಿದ್ದೆ. ಎಲಿ ಅಡಿಕಿ ಹಾಕ್ಕೊಳ್ಳೂದರಾಗ ಊರಿಗೆ ಊರ ಬಂತು. ನನ್ನ ಹೇಣ್ತಿ ತಿಪ್ಪವ್ವನೂ ಬುಟ್ಟಿ ಹೊತ್ತು ಬಂದಳು. ಎಲ್ಲಿ ಸುರೀಲಿ ಅಂತ ನನ್ನ ಕೇಳಲಿಲ್ಲ, ಶಿವನಪ್ಪನ್ನ ಕೇಳಿದಳು.

ಅಂವ ಏರಿ ನೋಡಿದ, ಆಮ್ಯಾಲ ನನ್ನ ಮಾರಿ ನೋಡಿದ. "ನಮ್ಮನ್ನ ಪರೀಕ್ಷಾ ಮಾಡಾಕ ಗೋಣೆಪ್ಪ ಕಾಕಾರು ಬಾರಿಸ್ಯಾರ" ಅಂತ ಮಂದಿಗೆ ಹೇಳಿದ. ನನ್ನ ಸುಳ್ಳು ಗೊತ್ತಾಗಿದ್ರ ಮುಂದ ನಗಾರಿ ಕೇಳಿ ಯಾರೂ ಓಡಿ ಬರತಿದ್ದಿಲ್ಲ. ನಿಮಗೂ ಅದನ್ನ ಹೇಳಿ ನನಗ ರುಮಾಲು ಕೊಡಿಸ್ಯಾನ.

ಇದನ್ನ ಅವಗ ಕೊಡ್ರಿ. ನಾ ಬರದದ್ದು ಮಂದಿಗೆ ತಿಳಿಯೂದು ಬ್ಯಾಡ. ಆದ್ರ ಅವಗ ರುಮಾಲು ಸುತ್ತಾಕ ಬರೂದಿಲ್ಲ. ಅದನ್ನಾದ್ರೂ ನಾನ ಕಲಸತೀನಿ.

ನಿಮ್ಮ ಅನ್ನ ಉಂಡಾಂವ,
ಗೋಣೆಪ್ಪ