ಮೊಣಕಾಲೂರುವ ಹಲಗೆ

ಮಾರ್ಚ್ 4, ಮಂಗಳವಾರ

ಹಲಗೆ ಮತ್ತೆ ಕಿರ್ ಅಂತು. ಮೂರನೇ ಸಲ ಮೊಳೆ ಕಿತ್ತು ಹೊಡೆದಿದ್ದೇನೆ. ಚರ್ಚಿನ ಪಾಪನಿವೇದನೆ ಪೆಟ್ಟಿಗೆಯ ಕೆಲಸ ಒಪ್ಪಿಕೊಂಡಿದ್ದೇ ತಪ್ಪು. ಬೇರೆ ಬಡಗಿ ಸಿಗಲಿಲ್ಲವಾ ಇವರಿಗೆ? ಮೊಣಕಾಲೂರುವ ಹಲಗೆಗೆ ಗೆದ್ದಲು, ಫಾದರ್‌ಗೂ ಪಾಪ ಹೇಳಿಕೊಳ್ಳುವವರಿಗೂ ನಡುವಿನ ಜಾಲರಿ ಸಡಿಲ. ಒಂದು ದಿನದ ಕೆಲಸ, ಐದು ದಿನ ಎಳೆದಿದ್ದೇನೆ. ಫಾದರ್ ಆಗಾಗ ಬಂದು ಇಣುಕುತ್ತಾರೆ. 'ಯಾವಾಗ ಮುಗಿಯುತ್ತೆ ಮೇಸ್ತ್ರಿ?' ಮುಗಿದರೆ ಮುಂದಿನ ಪ್ರಶ್ನೆ ಗೊತ್ತು— ನೀವು ಯಾವಾಗ ಮಂಡಿಯೂರ್ತೀರಿ? ಅದಕ್ಕೇ ಮುಗಿಸುತ್ತಿಲ್ಲ.

ಮಾರ್ಚ್ 6, ಮಧ್ಯಾಹ್ನ

ಹೆಂಡತಿ ಶುರು ಮಾಡಿದಳು. 'ಏಳು ವರ್ಷ ಆಯ್ತು ರೀ. ಎಲ್ಲರೂ ಪ್ರಸಾದಕ್ಕೆ ಹೋದ್ರೆ ನೀವೊಬ್ರು ಬೆಂಚಿಗೆ ಅಂಟ್ಕೊಂಡು ಕೂತಿರ್ತೀರ. ನಿಮ್ಮಕ್ಕ ಕೇಳ್ತಾರೆ, ಏನಂತ ಹೇಳ್ಲಿ?'

'ಮಂಡಿನೋವು ಅನ್ನು.'

'ಏಣಿ ಹತ್ತೋವಾಗ ಇರಲ್ವಾ ಮಂಡಿನೋವು?'

ಇವಳ ಹತ್ತಿರ ಮಾತಾಡಿ ಗೆದ್ದವರಿಲ್ಲ. ಪಾಪ ಹೇಳಿಕೊಳ್ಳದೆ ಪ್ರಸಾದ ಮುಟ್ಟುವ ಹಾಗಿಲ್ಲ ಅಂತ ಇವಳಿಗೂ ಗೊತ್ತು.

ಅದೇ ದಿನ, ಸಂಜೆ

ಬರೆದುಬಿಡುತ್ತೇನೆ. ಇದನ್ನು ಯಾರೂ ಓದುವುದಿಲ್ಲ.

ಏಳು ವರ್ಷದ ಹಿಂದಿನ ಮಾತು. ಅಮ್ಮನಿಗೆ ಮರೆವಿನ ಕಾಯಿಲೆ. ಆವತ್ತು ಹತ್ತನೇ ಸಲ ಬೀದಿಗೆ ಹೊರಟಿದ್ದಳು. ರಟ್ಟೆ ಹಿಡಿದೆ, ಬೈದಳು, ಕೆನ್ನೆಗೆ ಹೊಡೆದೆ. ಒಂದೇ ಏಟು. ಆದರೆ ಬಡಗಿಯ ಕೈ. ಅರ್ಧ ಗಂಟೆಗೆ ಅವಳಿಗೆ ಮರೆತೇಹೋಯಿತು. ಕನ್ನಡಿ ನೋಡಿಕೊಂಡು 'ಇದೇನಾಯ್ತೋ ಮಗ?' ಅಂದಳು. 'ಬಾಗಿಲು ತಗುಲ್ತಮ್ಮ' ಅಂದೆ. ಹೆಂಡತಿಯೂ ನಂಬಲಿ ಅಂತ ಆ ಬಾಗಿಲಿನ ಅಂಚು ಕೀಸಿ ಗುಂಡಗೆ ಮಾಡಿದೆ. ಬಂದವರಿಗೆಲ್ಲ ಹೆಂಡತಿ ಇವತ್ತಿಗೂ ಅದನ್ನು ತೋರಿಸುತ್ತಾಳೆ— ಅಮ್ಮನ ಮೇಲೆ ಎಷ್ಟು ಕಾಳಜಿ ನೋಡಿ, ಅಂತ. ನಾಲ್ಕು ತಿಂಗಳಿಗೆ ಅಮ್ಮ ಹೋದಳು.

ಮಾರ್ಚ್ 7

ಪಾಪ ಹೇಳಿಕೊಂಡ ಮೇಲೆ ಹೇಳಬೇಕಾದ ಪಶ್ಚಾತ್ತಾಪದ ಜಪ ಅರ್ಧ ಮರೆತಿದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮಕ್ಕಳ ಜಪದ ಪುಸ್ತಕ ಕೇಳಲು ನಾಚಿಕೆ. ನಡುವೆ ತಡವರಿಸಿ ನಿಂತುಬಿಟ್ಟರೆ? ಫಾದರ್ ಧ್ವನಿ ಗುರುತು ಹಿಡಿದರೆ? ಹಿಡಿಯದೆ ಏನು, ದಿನಾ ಟೀ ಕೊಡುವವರು. ಆಮೇಲೆ ಯಾವ ಮುಖ ಇಟ್ಟುಕೊಂಡು ಆ ಟೀ ಕುಡಿಯಲಿ?

ಮಾರ್ಚ್ 15, ಶನಿವಾರ

ಇಷ್ಟು ದಿನ ಜ್ವರ ಅಂತ ಮನೆಯಲ್ಲೇ ಕೂತಿದ್ದೆ. ಜ್ವರ ಇರಲಿಲ್ಲ.

ಇವತ್ತು ಹೋದೆ. ಹಲಗೆ ಕೂರಿಸಿದೆ. ಗಟ್ಟಿ ಇದೆಯಾ ಅಂತ ನಾನೇ ಮೊಣಕಾಲೂರಿದೆ. ಸದ್ದಿಲ್ಲ. ದರಿದ್ರದ್ದು, ಇವತ್ತೇ ಸರಿಹೋಗಬೇಕಿತ್ತಾ... ಜಾಲರಿ ನೋಡಲು ಫಾದರ್ ಆಚೆ ಬದಿಯಲ್ಲಿ ಬಂದು ಕೂತರು. 'ಕೇಳಿಸುತ್ತಾ ಮೇಸ್ತ್ರಿ?'

'ಹೂಂ.'

ಏಳಬೇಕಿತ್ತು. ಏಳಲಿಲ್ಲ. 'ಜಪ ಮರೆತಿದೆ ಫಾದರ್' ಅಂದೆ.

ಅವರು ಜೇಬಿನಿಂದ, ಪಾಪನಿವೇದನೆ ಕೇಳುವಾಗ ಧರಿಸುವ ನೇರಳೆ ಪಟ್ಟಿ ತೆಗೆದು ಕೊರಳಿಗೆ ಹಾಕಿಕೊಂಡರು. 'ಜಪ ಆಮೇಲೆ. ಏನಾಯ್ತು ಹೇಳಿ.'

ಹೇಳಿದೆ. ಬಾಗಿಲಿನದ್ದೂ. ಮೂಗು ಸೋರುತ್ತಿತ್ತು, ಕರವಸ್ತ್ರ ಇಲ್ಲ, ಮರದ ಪುಡಿ ಮೆತ್ತಿದ ತೋಳಿಗೇ ಒರೆಸಿಕೊಂಡೆ. ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. ಪ್ರಾಯಶ್ಚಿತ್ತಕ್ಕೆ ಅಮ್ಮನ ಹೆಸರಲ್ಲಿ ಒಂದು ನಮೋ ಮರಿಯಾ ಜಪ ಹೇಳಿ, ಅಂದರು.

ಒಂದಾ? ಏಳು ವರ್ಷ ಹೊತ್ತಿದ್ದಕ್ಕೆ ಒಂದಾ? ಸಿಟ್ಟೇ ಬಂತು. 'ಕಮ್ಮಿಯಾಯ್ತು ಫಾದರ್.'

'ಕ್ಷಮಿಸೋನು ದೇವರು. ನೀವ್ಯಾಕೆ ಅಳತೆ ಹಿಡೀತೀರ ಮೇಸ್ತ್ರಿ?'

ಕೈ ಎತ್ತಿ ಕ್ಷಮೆಯ ಮಾತು ಹೇಳಿದರು. ಅಷ್ಟೇ. ಆಮೇಲೆ ಟೀ ಕೊಟ್ಟರು. ಸಕ್ಕರೆ ಜಾಸ್ತಿ, ಎಂದಿನಂತೆ.

ಮಾರ್ಚ್ 16, ಭಾನುವಾರ

ಪ್ರಸಾದದ ಸಾಲಿನಲ್ಲಿ ನಿಂತೆ. ಅಕ್ಕ ತಿರುತಿರುಗಿ ನೋಡಿದಳು. ನೋಡಲಿ. ಆಮೆನ್ ಅಂದೆ, ಧ್ವನಿ ಹೊರಡಲಿಲ್ಲ. ಆದರೂ ಕೊಟ್ಟರು.

ವಾಪಸ್ ಬಂದರೆ ಹೆಂಡತಿ ಸರಿದು ಜಾಗ ಮಾಡಿದಳು. ಒಂದು ಮಾತಿಲ್ಲ. ಇವಳಾ ಸುಮ್ಮನಿರುವವಳು? ಭಯವಾಯಿತು.

ಊಟವಾದ ಮೇಲೆ ಪಾತ್ರೆ ತೊಳೆಯುತ್ತ ಕೇಳಿದಳು. 'ಏನಾಗಿತ್ತು ರೀ ಇಷ್ಟು ವರ್ಷ?' ಮೆಲ್ಲಗೆ. ಜಗಳದ ಧ್ವನಿ ಅಲ್ಲ. ಬಂದೆ ಅಂತ ಹೇಳಿ ಈ ಪುಸ್ತಕದ ಮುಂದೆ ಬಂದು ಕೂತಿದ್ದೇನೆ. ದೇವರಿಗೆ ಹೇಳಿಯಾಯಿತು. ಇವಳಿಗೆ ಹೇಳುವುದಿದೆಯಲ್ಲ...

ನಲ್ಲಿ ನಿಲ್ಲಿಸಿದಳು. ಕಾಯುತ್ತಿದ್ದಾಳೆ. ಹೋಗುತ್ತೇನೆ. ಮೊದಲ ಮಾತು ಏನಂತ—